ಆಶ್ಲೇ ವೆಸ್ಟ್‌ವುಡ್ (ಫುಟ್‌ಬಾಲ್ ತರಬೇತುದಾರ)

ಈ ಲೇಖನವು 1976ರಲ್ಲಿ ಜನಿಸಿದ, ಬೆಂಗಳೂರು ಎಫ್‌ಸಿ ತಂಡದ ಮೊದಲ ತರಬೇತುದಾರರನ್ನು ಕುರಿತದ್ದು. 1990ರಲ್ಲಿ ಜನಿಸಿ ಆಸ್ಟನ್ ವಿಲ್ಲಾ ಮತ್ತು ಬರ್ನ್‌ಲಿ ತಂಡಗಳಲ್ಲಿ ಆಡಿದ, ಇದೇ ಹೆಸರಿನ ಇಂಗ್ಲೆಂಡಿನ ಆಟಗಾರ ಬೇರೆ ವ್ಯಕ್ತಿ. ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬಿಗೆ ಆಡಿದ್ದರಿಂದ ಓದುಗರಲ್ಲಿ ಗೊಂದಲ ಉಂಟಾಗುವುದುಂಟು.

ಆಶ್ಲೇ ವೆಸ್ಟ್‌ವುಡ್ (ಜನನ: 31 ಆಗಸ್ಟ್ 1976) ಇಂಗ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಹಾಗೂ ತರಬೇತುದಾರ. ಆಟಗಾರರಾಗಿ ಅವರು ರಕ್ಷಣಾ ವಿಭಾಗದ ಮಧ್ಯಭಾಗದಲ್ಲಿ ಆಡುತ್ತಿದ್ದರು. 2013ರಿಂದ 2016ರವರೆಗೆ ಬೆಂಗಳೂರು ಎಫ್‌ಸಿ ತಂಡದ ಮುಖ್ಯ ತರಬೇತುದಾರರಾಗಿದ್ದು, ಆ ತಂಡಕ್ಕೆ ಎರಡು ಬಾರಿ ಐ-ಲೀಗ್ ಪ್ರಶಸ್ತಿಯನ್ನೂ ಒಮ್ಮೆ ಫೆಡರೇಷನ್ ಕಪ್ಪನ್ನೂ ಗೆಲ್ಲಿಸಿಕೊಟ್ಟರು. ಐ-ಲೀಗ್‌ನಲ್ಲಿ ಆಡಿದ ಮೊದಲ ವರ್ಷವೇ ಪ್ರಶಸ್ತಿ ಗೆದ್ದ ಮೊದಲ ತಂಡವೆಂಬ ಹೆಗ್ಗಳಿಕೆ ಬೆಂಗಳೂರು ಎಫ್‌ಸಿಗೆ ದೊರೆತದ್ದು ಇವರ ಕಾಲದಲ್ಲಿ. ಮುಂದೆ ಅಫ್ಘಾನಿಸ್ತಾನ ಮತ್ತು ಹಾಂಗ್‌ಕಾಂಗ್ ರಾಷ್ಟ್ರೀಯ ತಂಡಗಳ ಹೊಣೆ ಹೊತ್ತ ಅವರು, ಆ ಎರಡೂ ತಂಡಗಳಿಂದ ಭಾರತವನ್ನು ಸೋಲಿಸಿದರು.

ಆರಂಭಿಕ ಜೀವನ

ವೆಸ್ಟ್‌ವುಡ್ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಬ್ರಿಡ್ಜ್‌ನಾರ್ತ್ ಪಟ್ಟಣದಲ್ಲಿ ಜನಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಕಿರಿಯರ ವಿಭಾಗದಲ್ಲಿ ತರಬೇತಿ ಪಡೆದರು. 1995ರಲ್ಲಿ ಆ ಕ್ಲಬ್ಬಿನ ಕಿರಿಯರ ತಂಡವು ಎಫ್‌ಎ ಯೂತ್ ಕಪ್ ಗೆದ್ದಾಗ ಅವರು ಅದರ ಸದಸ್ಯರಾಗಿದ್ದರು. ಆದರೆ ಆ ಕ್ಲಬ್ಬಿನ ಹಿರಿಯರ ತಂಡದಲ್ಲಿ ಆಡುವ ಅವಕಾಶ ಅವರಿಗೆ ದೊರೆಯಲಿಲ್ಲ. ದೊಡ್ಡ ಕ್ಲಬ್ಬುಗಳ ಕಿರಿಯರ ವಿಭಾಗದಲ್ಲಿ ಕಲಿತವರಲ್ಲಿ ಹೆಚ್ಚಿನವರು ಚಿಕ್ಕ ಕ್ಲಬ್ಬುಗಳಲ್ಲಿ ನೆಲೆ ಹುಡುಕಿಕೊಳ್ಳುವುದು ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಸಾಮಾನ್ಯ ಸಂಗತಿ. ವೆಸ್ಟ್‌ವುಡ್ ಅವರೂ ಅದೇ ದಾರಿ ಹಿಡಿದರು.

ಆಟಗಾರರಾಗಿ

1995ರಲ್ಲಿ ವೆಸ್ಟ್‌ವುಡ್ ಕ್ರೂ ಅಲೆಕ್ಸಾಂಡ್ರಾ ತಂಡವನ್ನು ಸೇರಿದರು. ಇಟಲಿಯ ಮಿಲಾನ್‌ನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಬೆಳೆದ ಡಾರಿಯೋ ಗ್ರಾಡಿ ಅಲ್ಲಿ ತರಬೇತುದಾರರಾಗಿದ್ದರು. ಹಣದ ಬಲವಿಲ್ಲದ ಸಣ್ಣ ಊರಿನ ಕ್ಲಬ್ಬಿನಲ್ಲಿ ಯುವ ಆಟಗಾರರನ್ನು ತಿದ್ದಿ ಬೆಳೆಸುವುದಕ್ಕೆ ಗ್ರಾಡಿ ಹೆಸರಾಗಿದ್ದರು. 1997ರಲ್ಲಿ ಕ್ರೂ ತಂಡವು ಪ್ಲೇಆಫ್ ಮೂಲಕ ಮೇಲಿನ ಶ್ರೇಣಿಗೆ ಬಡ್ತಿ ಪಡೆಯಿತು.

1998ರಲ್ಲಿ ಅವರು ಬ್ರಾಡ್‌ಫರ್ಡ್ ಸಿಟಿಗೆ ವರ್ಗವಾದರು. ಆ ಋತುವಿನ ಕೊನೆಯಲ್ಲಿ, ಅಂದರೆ 1999ರಲ್ಲಿ, ಪಾಲ್ ಜ್ಯೂವೆಲ್ ಅವರ ಮಾರ್ಗದರ್ಶನದಲ್ಲಿ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗ್‌ಗೆ ಏರಿತು. ಮರುವರ್ಷ ಕೊನೆಯ ದಿನದ ಪಂದ್ಯದಲ್ಲಿ ಲಿವರ್‌ಪೂಲ್ ವಿರುದ್ಧ 1–0 ಗೋಲಿನಿಂದ ಗೆದ್ದು ಆ ಶ್ರೇಣಿಯಲ್ಲಿ ಉಳಿದುಕೊಂಡಿತು. ಪ್ರೀಮಿಯರ್ ಲೀಗ್‌ನಲ್ಲಿ ವೆಸ್ಟ್‌ವುಡ್ ಅವರಿಗೆ ಆಡಲು ಸಿಕ್ಕಿದ್ದು ಕೆಲವೇ ಪಂದ್ಯಗಳು.

2000ದಲ್ಲಿ ಷೆಫೀಲ್ಡ್ ವೆನ್ಸ್‌ಡೇ ತಂಡಕ್ಕೆ ಹೋದ ಅವರು 2003ರವರೆಗೆ ಅಲ್ಲಿದ್ದರು. ಒಂದು ಕಾಲದಲ್ಲಿ ಪ್ರಬಲವಾಗಿದ್ದ ಆ ಕ್ಲಬ್ ಸಾಲ ಮತ್ತು ಸೋಲುಗಳ ನಡುವೆ ಇಳಿಮುಖವಾಗಿದ್ದ ವರ್ಷಗಳು ಅವು. ಅನಂತರ ನಾರ್ಥಾಂಪ್ಟನ್ ಟೌನ್, ಚೆಸ್ಟರ್ ಸಿಟಿ, ಸ್ವಿಂಡನ್ ಟೌನ್, ಪೋರ್ಟ್ ವೇಲ್, ಸ್ಟೀವನೇಜ್ ಮತ್ತು ರೆಕ್ಸಮ್ ಮೊದಲಾದ ತಂಡಗಳಲ್ಲಿ ಆಡಿದರು. ಅವರು ಇಂಗ್ಲೆಂಡಿನ ಹಿರಿಯರ ರಾಷ್ಟ್ರೀಯ ತಂಡಕ್ಕೆ ಆಡಿದವರಲ್ಲ. ಸುಮಾರು ಹದಿನೈದು ವರ್ಷಗಳ ಕಾಲ ಇಂಗ್ಲೆಂಡಿನ ಬೇರೆ ಬೇರೆ ಶ್ರೇಣಿಗಳಲ್ಲಿ ಆಡಿ ಪಡೆದ ಅನುಭವವೇ ಅವರ ಮುಂದಿನ ವೃತ್ತಿಗೆ ಬಂಡವಾಳವಾಯಿತು.

ತರಬೇತಿಯ ಕಡೆಗೆ

ಆಟದ ಕೊನೆಯ ವರ್ಷಗಳಲ್ಲಿ ವೆಸ್ಟ್‌ವುಡ್ ಆಡುತ್ತಲೇ ತರಬೇತಿಯ ಕೆಲಸವನ್ನೂ ಆರಂಭಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ವಿಭಾಗದಿಂದಲೇ ಬಂದಿದ್ದ ಮೈಕೆಲ್ ಆಪಲ್‌ಟನ್ ಅವರಿಗೆ 2012ರ ಕೊನೆಯಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಸಹಾಯಕರಾದರು. ಆಪಲ್‌ಟನ್ ಅಲ್ಲಿ ಇದ್ದದ್ದು 65 ದಿನ ಮಾತ್ರ. 2013ರ ಜನವರಿಯಲ್ಲಿ ಇಬ್ಬರೂ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡಕ್ಕೆ ಹೋದರು. ಅಲ್ಲಿಯೂ 67 ದಿನಗಳಲ್ಲಿ ಆಪಲ್‌ಟನ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಹೀಗೆ ಕೆಲಸ ಕಳೆದುಕೊಂಡ ಕೆಲವೇ ತಿಂಗಳಲ್ಲಿ, 36ನೆಯ ವಯಸ್ಸಿನಲ್ಲಿ, ವೆಸ್ಟ್‌ವುಡ್ ಅವರಿಗೆ ಬೆಂಗಳೂರಿನಿಂದ ಕರೆ ಬಂದಿತು.

ಬೆಂಗಳೂರು ಎಫ್‌ಸಿ (2013–2016)

ಹಿನ್ನೆಲೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಅಂದಿನ ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಪಡೆದಿತ್ತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಮೊದಲಾದ ದಂಡು ಪ್ರದೇಶದ ಬಡಾವಣೆಗಳಿಂದ ದೇಶದ ತಂಡಕ್ಕೆ ಆಟಗಾರರು ಹೋಗುತ್ತಿದ್ದರು. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡಗಳನ್ನು ಸಾಕುತ್ತಿದ್ದವು. ಆ ವ್ಯವಸ್ಥೆ ಕ್ರಮೇಣ ಕ್ಷೀಣಿಸಿತು. ಐ-ಲೀಗ್‌ನಲ್ಲಿ ಆಡುತ್ತಿದ್ದ ಎಚ್‌ಎಎಲ್ ತಂಡವು 2012ರಲ್ಲಿ ಕೆಳಶ್ರೇಣಿಗೆ ಇಳಿದ ಮೇಲೆ ದೇಶದ ಉನ್ನತ ಲೀಗ್‌ನಲ್ಲಿ ನಗರಕ್ಕೆ ಪ್ರತಿನಿಧಿಯೇ ಇಲ್ಲದಂತಾಯಿತು.

2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಉದ್ಯಮ ಸಂಸ್ಥೆಗಳಿಗೆ ಐ-ಲೀಗ್‌ಗೆ ನೇರ ಪ್ರವೇಶ ನೀಡಲು ಮುಂದಾದಾಗ ಜೆಎಸ್‌ಡಬ್ಲ್ಯು ಸಮೂಹಕ್ಕೆ ಆ ಅವಕಾಶ ದೊರೆಯಿತು. ಹೀಗೆ ಬೆಂಗಳೂರು ಎಫ್‌ಸಿ ಸ್ಥಾಪನೆಯಾಯಿತು. ಜುಲೈ ತಿಂಗಳಲ್ಲಿ ವೆಸ್ಟ್‌ವುಡ್ ಅವರ ನೇಮಕವಾಯಿತು. ಬೆಂಗಳೂರಿನ ಪ್ರದ್ಯುಮ್ ರೆಡ್ಡಿ ಸಹಾಯಕ ತರಬೇತುದಾರರಾದರು. ಲೀಗ್ ಸೆಪ್ಟೆಂಬರ್‌ನಲ್ಲಿ ಆರಂಭವಾಗಬೇಕಿದ್ದುದರಿಂದ ಆಟಗಾರರನ್ನು ಆರಿಸುವುದು, ಅವರನ್ನು ಒಂದು ತಂಡವಾಗಿ ಕಟ್ಟುವುದು ಎರಡಕ್ಕೂ ಸೇರಿ ಸಿಕ್ಕಿದ್ದು ಕಡಿಮೆ ಅವಧಿ.

ಮೊದಲ ಋತು (2013–14)

ಭಾರತ ತಂಡದ ನಾಯಕ ಸುನಿಲ್ ಛೇತ್ರಿ ಅವರನ್ನೇ ಕ್ಲಬ್ಬಿನ ನಾಯಕರನ್ನಾಗಿ ಮಾಡಲಾಯಿತು. ಮುಂಚೂಣಿಯಲ್ಲಿ ಅವರ ಜೊತೆ ರಾಬಿನ್ ಸಿಂಗ್ ಮತ್ತು ಸೀನ್ ರೂನಿ ಇದ್ದರು. ತಾವೇ ರಕ್ಷಣಾ ಆಟಗಾರರಾಗಿದ್ದ ವೆಸ್ಟ್‌ವುಡ್, ವಿದೇಶಿ ಆಟಗಾರರಿಗೆ ಮೀಸಲಾದ ಕೆಲವೇ ಸ್ಥಾನಗಳಲ್ಲಿ ಎರಡನ್ನು ರಕ್ಷಣೆಯ ಮಧ್ಯಭಾಗಕ್ಕೆ ಕೊಟ್ಟರು. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಆ ಜೋಡಿ. ಭಾರತದ ಕ್ಲಬ್ಬುಗಳು ಆ ಕಾಲದಲ್ಲಿ ವಿದೇಶಿ ಆಟಗಾರರನ್ನು ಹೆಚ್ಚಾಗಿ ಗೋಲು ಹೊಡೆಯುವುದಕ್ಕಾಗಿಯೇ ಕರೆತರುತ್ತಿದ್ದವು.

ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ 22 ಸೆಪ್ಟೆಂಬರ್ 2013ರಂದು ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ ನಡೆದು 1–1ರಲ್ಲಿ ಸಮವಾಯಿತು. ಕ್ಲಬ್ಬಿನ ಮೊದಲ ಗೋಲನ್ನು ಸೀನ್ ರೂನಿ ಗಳಿಸಿದರು. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಸೇರುತ್ತಿದ್ದ ಅಭಿಮಾನಿಗಳು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಹೆಸರಿನಲ್ಲಿ ಸಂಘಟಿತರಾದರು. ತಂಡ ಬೇರೆ ಕ್ರೀಡಾಂಗಣಕ್ಕೆ ಹೋದ ಮೇಲೂ ಆ ಹೆಸರು ಉಳಿಯಿತು.

ಗೋವಾದ ಡೆಂಪೊ, ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಂತಹ ಹಳೆಯ ತಂಡಗಳ ನಡುವೆ ಬೆಂಗಳೂರು ಎಫ್‌ಸಿ 24 ಪಂದ್ಯಗಳಲ್ಲಿ 47 ಅಂಕಗಳನ್ನು ಪಡೆಯಿತು. ಛೇತ್ರಿ 14 ಗೋಲುಗಳನ್ನು ಗಳಿಸಿದರು. 21 ಏಪ್ರಿಲ್ 2014ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಒಂದು ಪಂದ್ಯ ಬಾಕಿ ಇರುವಂತೆಯೇ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು.

ಎರಡನೆಯ ಋತು (2014–15)

ಎರಡನೆಯ ಋತುವಿನಲ್ಲಿ ತಂಡವು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಹಿಂದಿನ ಸಂಪಂಗಿ ಕೆರೆಯ ಅಂಗಳದಲ್ಲಿ ನಿರ್ಮಾಣವಾದ ಈ ಕ್ರೀಡಾಂಗಣ ನಗರದ ಹಳೆಯ ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇದೆ. 11 ಜನವರಿ 2015ರಂದು ಗೋವಾದಲ್ಲಿ ನಡೆದ ಫೆಡರೇಷನ್ ಕಪ್ ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಡೆಂಪೊ ವಿರುದ್ಧ 2–1ರಿಂದ ಗೆದ್ದಿತು.

ಐ-ಲೀಗ್ ಮಾತ್ರ ಕೊನೆಯ ದಿನದವರೆಗೂ ಇತ್ಯರ್ಥವಾಗಲಿಲ್ಲ. 31 ಮೇ 2015ರಂದು ಕಂಠೀರವದಲ್ಲಿ ಅಗ್ರಸ್ಥಾನದ ಮೋಹನ್ ಬಾಗಾನ್ ಮತ್ತು ಎರಡನೆಯ ಸ್ಥಾನದ ಬೆಂಗಳೂರು ಎಫ್‌ಸಿ ಎದುರುಬದುರಾದವು. ಬೆಂಗಳೂರಿಗೆ ಗೆಲುವೇ ಬೇಕಿತ್ತು, ಮೋಹನ್ ಬಾಗಾನ್‌ಗೆ ಪಂದ್ಯ ಸಮವಾದರೂ ಸಾಕಿತ್ತು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದು ಮುನ್ನಡೆ ತಂದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಮೂಲೆ ಒದೆತದಿಂದ ಬಂದ ಚೆಂಡನ್ನು ಮೋಹನ್ ಬಾಗಾನ್‌ನ ರಕ್ಷಣಾ ಆಟಗಾರ ಬೆಲ್ಲೊ ರಜಾಕ್ ತಲೆಯಿಂದ ಗೋಲಿಗೆ ಸೇರಿಸಿದರು. ಪಂದ್ಯ 1–1ರಲ್ಲಿ ಸಮವಾಯಿತು. ಮೋಹನ್ ಬಾಗಾನ್ 39 ಅಂಕಗಳೊಂದಿಗೆ ಪ್ರಶಸ್ತಿ ಪಡೆಯಿತು, ಬೆಂಗಳೂರು 37 ಅಂಕಗಳೊಂದಿಗೆ ಎರಡನೆಯ ಸ್ಥಾನದಲ್ಲಿ ಉಳಿಯಿತು. ಎರಡೂ ತಂಡಗಳ ಪರವಾಗಿ ಗೋಲು ಹೊಡೆದವರು ರಕ್ಷಣಾ ಆಟಗಾರರೇ ಎಂಬುದು ಈ ಪಂದ್ಯದ ವಿಶೇಷ.

ಮೂರನೆಯ ಋತು (2015–16)

2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಆರಂಭವಾದ ಮೇಲೆ ಐ-ಲೀಗ್ ತಂಡಗಳು ಹೊಸ ಸಮಸ್ಯೆಯೊಂದನ್ನು ಎದುರಿಸಬೇಕಾಯಿತು. ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆಯುತ್ತಿದ್ದ ಆ ಲೀಗ್‌ಗಾಗಿ ಆಟಗಾರರು ಬೇರೆ ತಂಡಗಳಿಗೆ ಹೋಗುತ್ತಿದ್ದರು. 2015ರ ಹರಾಜಿನಲ್ಲಿ ಛೇತ್ರಿ ಮುಂಬೈ ಸಿಟಿಗೂ ಯುಜೀನ್ಸನ್ ಲಿಂಗ್ಡೊ ಪುಣೆ ಸಿಟಿಗೂ ಆಯ್ಕೆಯಾದರು. ಬೇರೆ ಬೇರೆ ತರಬೇತುದಾರರ ಕೈಕೆಳಗೆ ಆಡಿ ಬಂದ ಆಟಗಾರರನ್ನು ಮತ್ತೆ ಒಂದು ಕ್ರಮಕ್ಕೆ ತರುವುದಕ್ಕೆ ವೆಸ್ಟ್‌ವುಡ್ ಅವರಿಗೆ ಸಿಕ್ಕಿದ್ದು ಕೆಲವೇ ದಿನಗಳು.

ಒಂಬತ್ತು ತಂಡಗಳಿದ್ದ ಆ ಋತುವಿನಲ್ಲಿ ಬೆಂಗಳೂರು ಎಫ್‌ಸಿ 16 ಪಂದ್ಯಗಳಿಂದ 34 ಅಂಕ ಗಳಿಸಿತು. 17 ಏಪ್ರಿಲ್ 2016ರಂದು ಕಂಠೀರವದಲ್ಲಿ ಸಲ್ಗಾಂವ್ಕರ್ ತಂಡವನ್ನು 2–0ರಿಂದ ಸೋಲಿಸಿ ಎರಡನೆಯ ಬಾರಿಗೆ ಐ-ಲೀಗ್ ಗೆದ್ದಿತು. ಮೊದಲ ಪ್ರಶಸ್ತಿ ಗೋವಾದಲ್ಲಿ ಒಲಿದಿತ್ತು. ಹಿಂದಿನ ವರ್ಷ ಪ್ರಶಸ್ತಿ ಕೈತಪ್ಪಿದ ಅಂಗಳದಲ್ಲಿಯೇ, ತವರಿನ ಪ್ರೇಕ್ಷಕರ ಎದುರಿನಲ್ಲಿ, ಎರಡನೆಯದು ದೊರೆಯಿತು.

ಏಷ್ಯಾ ಮಟ್ಟದ ಪಂದ್ಯಗಳು

ಐ-ಲೀಗ್ ಗೆಲುವಿನಿಂದಾಗಿ ತಂಡಕ್ಕೆ 2015ರಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯವಾಡುವ ಅವಕಾಶ ಸಿಕ್ಕಿತು. ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ತಂಡವು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಗೆದ್ದಿತು. ಅನಂತರ ಎಎಫ್‌ಸಿ ಕಪ್‌ನಲ್ಲಿ ಗುಂಪು ಹಂತವನ್ನು ದಾಟಿದ ಬೆಂಗಳೂರು, ಹದಿನಾರರ ಘಟ್ಟದಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ತಂಡಕ್ಕೆ ಸೋತಿತು.

2016ರ ಮೇ ತಿಂಗಳಲ್ಲಿ ಅದೇ ಘಟ್ಟದಲ್ಲಿ ಮತ್ತೊಂದು ಹಾಂಗ್‌ಕಾಂಗ್ ತಂಡವಾದ ಕಿಟ್ಚಿಯನ್ನು ಅದರ ನೆಲದಲ್ಲಿಯೇ 3–2ರಿಂದ ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ತಲುಪಿತು. ಬೆಂಗಳೂರಿನ ತರಬೇತುದಾರರಾಗಿ ವೆಸ್ಟ್‌ವುಡ್ ಪಾಲಿಗೆ ಇದೇ ಕೊನೆಯ ದೊಡ್ಡ ಗೆಲುವು. ಆ ತಿಂಗಳ ಕೊನೆಯಲ್ಲಿ ಅವರು ಮತ್ತು ಕ್ಲಬ್ ಬೇರೆಯಾದರು. ಉತ್ತರಾಧಿಕಾರಿಯಾಗಿ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ತಂಡವನ್ನು ಅಂತಿಮ ಪಂದ್ಯದವರೆಗೆ ಕೊಂಡೊಯ್ದರು. 5 ನವೆಂಬರ್ 2016ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡ 1–0ರಿಂದ ಗೆದ್ದಿತು. ಎಎಫ್‌ಸಿ ಕಪ್‌ನ ಅಂತಿಮ ಪಂದ್ಯವಾಡಿದ ಭಾರತದ ಮೊದಲ ಕ್ಲಬ್ ಬೆಂಗಳೂರು ಎಫ್‌ಸಿ.

ತರಬೇತಿಯ ವಿಧಾನ

ವೆಸ್ಟ್‌ವುಡ್ ಅವರ ವಿಧಾನದಲ್ಲಿ ದೇಹದಾರ್ಢ್ಯಕ್ಕೂ ಶಿಸ್ತಿಗೂ ಮೊದಲ ಸ್ಥಾನ. ಆಟಗಾರರ ಆಹಾರ, ವಿಶ್ರಾಂತಿ ಮತ್ತು ವ್ಯಾಯಾಮಗಳನ್ನು ಕ್ರಮಬದ್ಧವಾಗಿ ಗಮನಿಸುವುದು, ಎದುರಾಳಿಗಳ ಆಟವನ್ನು ವಿಡಿಯೊ ಮೂಲಕ ಅಭ್ಯಾಸ ಮಾಡುವುದು ಇವೆಲ್ಲ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ದಿನನಿತ್ಯದ ಸಂಗತಿಗಳು. ಬೆಂಗಳೂರಿನಲ್ಲಿ ಅವನ್ನು ಆರಂಭದಿಂದಲೇ ಜಾರಿಗೆ ತರಲು ಸಾಧ್ಯವಾದುದಕ್ಕೆ ಮುಖ್ಯ ಕಾರಣ, ಕ್ಲಬ್ ಹೊಸದಾಗಿದ್ದುದು. ಬದಲಾಯಿಸಬೇಕಾದ ಹಳೆಯ ಪದ್ಧತಿಗಳು ಅಲ್ಲಿ ಇರಲಿಲ್ಲ, ಅದಕ್ಕೆ ಬೇಕಾದ ಹಣವನ್ನು ಒದಗಿಸಲು ಮಾಲೀಕರು ಸಿದ್ಧರಿದ್ದರು.

ಆಟದ ತಂತ್ರದಲ್ಲಿ ಅವರು ಗಟ್ಟಿಯಾದ ರಕ್ಷಣೆ, ವೇಗದ ಪ್ರತಿದಾಳಿ ಮತ್ತು ಮೂಲೆ ಒದೆತ, ಫ್ರೀ ಕಿಕ್‌ಗಳ ಪೂರ್ವತಯಾರಿಗೆ ಮಹತ್ವ ಕೊಟ್ಟರು. ರಿನೊ ಆಂಟೊ, ಸಿ. ಕೆ. ವಿನೀತ್, ಯುಜೀನ್ಸನ್ ಲಿಂಗ್ಡೊ, ಉದಾಂತ ಸಿಂಗ್ ಮೊದಲಾದವರು ಈ ಅವಧಿಯಲ್ಲಿ ದೇಶದ ಗಮನ ಸೆಳೆದರು.

ಬೆಂಗಳೂರಿನ ಅನಂತರ

2017ರಲ್ಲಿ ವೆಸ್ಟ್‌ವುಡ್ ಮಲೇಷ್ಯಾದ ಪೆನಾಂಗ್ ತಂಡದಲ್ಲಿ ಅಲ್ಪಕಾಲ ಇದ್ದರು. ಅನಂತರ ಕೋಲ್ಕತ್ತದ ಎಟಿಕೆ ತಂಡದ ತಾಂತ್ರಿಕ ನಿರ್ದೇಶಕರಾಗಿ ಭಾರತಕ್ಕೆ ಮರಳಿದರು. 2018ರ ಜನವರಿಯಲ್ಲಿ ಟೆಡ್ಡಿ ಷೆರಿಂಗ್‌ಹ್ಯಾಮ್ ಹುದ್ದೆ ಬಿಟ್ಟಾಗ ಮಧ್ಯಂತರ ತರಬೇತುದಾರರಾದರು. ಋತುವಿನ ಕೊನೆಗೆ ಆ ಸ್ಥಾನಕ್ಕೆ ರಾಬಿ ಕೀನ್ ಬಂದರು. 2021–22ರ ಐ-ಲೀಗ್‌ನಲ್ಲಿ ರೌಂಡ್‌ಗ್ಲಾಸ್ ಪಂಜಾಬ್ ತಂಡಕ್ಕೆ ತರಬೇತಿ ನೀಡಿದರು. ಬೆಂಗಳೂರಿನಲ್ಲಿ ದೊರೆತಂತಹ ಯಶಸ್ಸು ಈ ಕ್ಲಬ್ಬುಗಳಲ್ಲಿ ಅವರಿಗೆ ದೊರೆಯಲಿಲ್ಲ.

ಅಫ್ಘಾನಿಸ್ತಾನ ರಾಷ್ಟ್ರೀಯ ತಂಡ

2023ರ ನವೆಂಬರ್‌ನಲ್ಲಿ, 2026ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳ ಹೊತ್ತಿಗೆ, ಅವರು ಅಫ್ಘಾನಿಸ್ತಾನ ತಂಡದ ಹೊಣೆ ವಹಿಸಿಕೊಂಡರು. ದೇಶದ ಫುಟ್‌ಬಾಲ್ ಒಕ್ಕೂಟದ ವಿರುದ್ಧ ಹಲವು ಅನುಭವಿ ಆಟಗಾರರು ಬಹಿಷ್ಕಾರ ಹೂಡಿದ್ದರು. ತವರಿನ ಪಂದ್ಯಗಳನ್ನೂ ಹೊರದೇಶದಲ್ಲಿ ಆಡಬೇಕಾಗಿತ್ತು. ಮೊದಲ ಪಂದ್ಯದಲ್ಲಿ ಕತಾರ್ 8–1ರಿಂದ ಗೆದ್ದಿತು.

2024ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನ ಮತ್ತು ಭಾರತ ಎರಡು ಬಾರಿ ಎದುರಾದವು. ಸೌದಿ ಅರೇಬಿಯಾದ ಅಬಹಾದಲ್ಲಿ ನಡೆದ ಮೊದಲ ಪಂದ್ಯ ಗೋಲಿಲ್ಲದೆ ಸಮವಾಯಿತು. 26 ಮಾರ್ಚ್‌ರಂದು ಗುವಾಹಟಿಯಲ್ಲಿ ನಡೆದ ಎರಡನೆಯ ಪಂದ್ಯ ಸುನಿಲ್ ಛೇತ್ರಿ ಅವರ 150ನೆಯ ಅಂತಾರಾಷ್ಟ್ರೀಯ ಪಂದ್ಯವಾಗಿತ್ತು. ಛೇತ್ರಿ ಪೆನಾಲ್ಟಿಯಿಂದ ಭಾರತಕ್ಕೆ ಮುನ್ನಡೆ ತಂದುಕೊಟ್ಟರೂ ಅಫ್ಘಾನಿಸ್ತಾನ ಎರಡನೆಯ ಅರ್ಧದಲ್ಲಿ ರಹ್ಮತ್ ಅಕ್ಬರಿ ಮತ್ತು ಷರೀಫ್ ಮುಖಮ್ಮದ್ ಅವರ ಗೋಲುಗಳಿಂದ 2–1ರಿಂದ ಗೆದ್ದಿತು. ಮೂರು ವರ್ಷ ತಮ್ಮ ತಂಡದ ನಾಯಕರಾಗಿದ್ದ ಛೇತ್ರಿ ಅವರ ವಿಶೇಷ ದಿನದಂದೇ ವೆಸ್ಟ್‌ವುಡ್ ಎದುರಾಳಿ ತಂಡದ ಗೆಲುವಿಗೆ ಕಾರಣರಾದರು.

2024ರ ಜೂನ್‌ನಲ್ಲಿ ಅಫ್ಘಾನಿಸ್ತಾನ ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧ ಗೋಲಿಲ್ಲದೆ ಸಮ ಮಾಡಿಕೊಂಡಿತು. ಏಳು ತಿಂಗಳ ಹಿಂದೆ ಎಂಟು ಗೋಲು ಬಿಟ್ಟುಕೊಟ್ಟ ತಂಡ ಅದೇ ಎದುರಾಳಿಗೆ ಒಂದು ಗೋಲನ್ನೂ ಕೊಡಲಿಲ್ಲ. ಭಾರತ ಮತ್ತು ಅಫ್ಘಾನಿಸ್ತಾನ ಎರಡೂ ತಲಾ 5 ಅಂಕ ಪಡೆದು ಸ್ಪರ್ಧೆಯಿಂದ ಹೊರಬಿದ್ದವು.

ಹಾಂಗ್‌ಕಾಂಗ್ ರಾಷ್ಟ್ರೀಯ ತಂಡ

2024ರ ಆಗಸ್ಟ್‌ನಲ್ಲಿ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡದ ಮುಖ್ಯ ತರಬೇತುದಾರರಾದರು. 10 ಜೂನ್ 2025ರಂದು ಹೊಸದಾಗಿ ತೆರೆದಿದ್ದ ಕೈ ತಾಕ್ ಕ್ರೀಡಾಂಗಣದಲ್ಲಿ, 2027ರ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಮತ್ತೆ ಅವರ ಎದುರಾಳಿಯಾಯಿತು. ನಲವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ನಡೆದ ಪಂದ್ಯದ ಹೆಚ್ಚುವರಿ ನಿಮಿಷಗಳಲ್ಲಿ ಸ್ಟೀಫನ್ ಪೆರೇರಾ ಪೆನಾಲ್ಟಿಯನ್ನು ಗೋಲಾಗಿಸಿ ಹಾಂಗ್‌ಕಾಂಗ್‌ಗೆ 1–0 ಗೆಲುವು ತಂದರು. ನಿವೃತ್ತಿಯಿಂದ ಮರಳಿದ್ದ ಛೇತ್ರಿ ಆ ಪಂದ್ಯದಲ್ಲಿಯೂ ಬದಲಿ ಆಟಗಾರರಾಗಿ ಕಣಕ್ಕಿಳಿದಿದ್ದರು. ಆದರೆ ಆ ಗುಂಪಿನಿಂದ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದು ಸಿಂಗಪುರ.

ಮಹತ್ವ

ಬೆಂಗಳೂರಿನ ಫುಟ್‌ಬಾಲ್ ಇತಿಹಾಸದಲ್ಲಿ ವೆಸ್ಟ್‌ವುಡ್ ಅವರ ಸ್ಥಾನವನ್ನು ಎರಡು ನೆಲೆಗಳಿಂದ ಗುರುತಿಸಬಹುದು. ಮೊದಲನೆಯದು ಪ್ರಶಸ್ತಿಗಳದು. ಸಂತೋಷ್ ಟ್ರೋಫಿಯ ದಿನಗಳ ನಂತರ ರಾಷ್ಟ್ರಮಟ್ಟದ ಪ್ರಮುಖ ಗೆಲುವಿಗಾಗಿ ದಶಕಗಳ ಕಾಲ ಕಾದಿದ್ದ ನಗರಕ್ಕೆ ಮೂರು ವರ್ಷಗಳಲ್ಲಿ ಮೂರು ಪ್ರಶಸ್ತಿಗಳು ಬಂದವು. ಎರಡನೆಯದು ವ್ಯವಸ್ಥೆಯದು. ಹಿಂದಿನ ತಂಡಗಳು ಕಾರ್ಖಾನೆಯ ನೌಕರಿಯನ್ನು ಆಧರಿಸಿದ್ದವು, ಕಾರ್ಖಾನೆ ಸೊರಗಿದಾಗ ತಂಡವೂ ಸೊರಗುತ್ತಿತ್ತು. ಆಟವನ್ನೇ ಪೂರ್ಣಾವಧಿ ವೃತ್ತಿಯಾಗಿಸಿಕೊಂಡು, ಟಿಕೆಟ್ ಕೊಂಡು ಬರುವ ಪ್ರೇಕ್ಷಕರನ್ನು ನೆಚ್ಚಿ ನಡೆಯುವ ಕ್ಲಬ್ ಈ ನಗರದಲ್ಲಿ ನೆಲೆಯೂರಿದ್ದು ಇವರ ಅವಧಿಯಲ್ಲಿ. 2017ರಲ್ಲಿ ಐಎಸ್‌ಎಲ್‌ಗೆ ಸೇರಿದ ಬೆಂಗಳೂರು ಎಫ್‌ಸಿ 2018–19ರಲ್ಲಿ ಆ ಪ್ರಶಸ್ತಿಯನ್ನೂ ಗೆದ್ದಿತು.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡಗಳು ಬಹುಮಟ್ಟಿಗೆ ಬೆಂಗಳೂರಿನ ಬೀದಿಗಳಲ್ಲಿಯೇ ಬೆಳೆದ ಹುಡುಗರಿಂದ ಕೂಡಿದ್ದವು. ಐ-ಲೀಗ್ ಗೆದ್ದ ತಂಡದ ಪ್ರಮುಖರು ಮಣಿಪುರ, ಮಿಜೋರಾಂ, ಮೇಘಾಲಯ, ಕೇರಳ ಹಾಗೂ ವಿದೇಶಗಳಿಂದ ಬಂದವರು. ನಗರಕ್ಕೆ ಬಲವಾದ ಕ್ಲಬ್ ದೊರೆತರೂ, ನಗರದ ಆಟಗಾರರು ಮತ್ತೆ ದೇಶದ ಮುಂಚೂಣಿಗೆ ಬರುವ ಕೆಲಸ ಆ ಮೂರು ವರ್ಷಗಳಲ್ಲಿ ಪೂರ್ಣಗೊಳ್ಳಲಿಲ್ಲ.

ತರಬೇತುದಾರರಾಗಿ ಗೆದ್ದ ಪ್ರಶಸ್ತಿಗಳು

ಬೆಂಗಳೂರು ಎಫ್‌ಸಿ
• ಐ-ಲೀಗ್: 2013–14, 2015–16
• ಐ-ಲೀಗ್ ದ್ವಿತೀಯ ಸ್ಥಾನ: 2014–15
• ಫೆಡರೇಷನ್ ಕಪ್: 2014–15